ನಾಲ್ಕು ಬೆರಳಗಲದ ಅಕ್ಷರ

ರಾಯದುರ್ಗದಲ್ಲಿ ಯಾರ ಮನೆಯಲ್ಲಿ ಸಾವಾದರೂ ಶ್ರದ್ಧಾಂಜಲಿಯ ಫ್ಲೆಕ್ಸನ್ನು ನಾನು ಪುಕ್ಕಟೆ ಮಾಡಿಕೊಡುತ್ತಿದ್ದೆ. ಅದಕ್ಕಾಗಿ ಊರು ನನ್ನನ್ನು ಪುಣ್ಯಾತ್ಗಿತ್ತಿ ಎಂದಿತು. ಒಮ್ಮೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ಸನ್ಮಾನವನ್ನೂ ಮಾಡಿದರು. ಅದು ಪುಣ್ಯದ ಕೆಲಸವಾಗಿರಲಿಲ್ಲ. ಒಬ್ಬ ಮನುಷ್ಯನ ಅನ್ನ ಕಿತ್ತುಕೊಳ್ಳಲೆಂದೇ ಹಲ್ಲು ಕಚ್ಚಿ, ವರ್ಷಗಟ್ಟಲೆ ಕಾದು ಮಾಡಿದ ಕೆಲಸ. ಕಿತ್ತುಕೊಂಡೆ. ಆಮೇಲೆ ಅದಕ್ಕಿಂತ ಕೆಟ್ಟದ್ದೊಂದನ್ನು ಮಾಡಿದೆ — ನಾನು ಮಾಡಿದ್ದನ್ನು ದೇವರ ತಲೆಗೆ ಕಟ್ಟಿದೆ.

ಇದನ್ನು ಓದುವವರಲ್ಲಿ ನನ್ನ ಅಂಗಡಿಯಿಂದ ಅಂಥ ಫ್ಲೆಕ್ಸ್ ಒಯ್ದವರೂ ಇರಬಹುದು. ನಿಮ್ಮ ಅಪ್ಪನ ಹೆಸರನ್ನು, ಅವ್ವನ ಹೆಸರನ್ನು ಗೌರವದಿಂದಲೇ ಬರೆದೆ ಎಂದು ಹೇಳಿಕೊಳ್ಳಲು ಆಸೆಯಾಗುತ್ತದೆ. ಹೇಳುವುದಿಲ್ಲ. ನಿಮ್ಮ ದುಃಖ ನನ್ನ ಕೈಗೆ ಕಲ್ಲಾಗಿ ಒದಗಿತು. ನಾನು ಬೀಸಿದೆ.

ಆ ಮನುಷ್ಯನ ಹೆಸರು ರುದ್ರಪ್ಪ. ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. 'ಅವರು' ಎಂದು ಬರೆಯುತ್ತಿರುವುದು ಈಗ. ಆಗೆಲ್ಲ ನನ್ನ ಮನಸ್ಸಿನಲ್ಲಿದ್ದದ್ದು 'ಅವನು' ಎಂದೇ.

ನನ್ನದು ಮಡಕಶಿರಾ ಪಕ್ಕದ ಗುಡಿಬಂಡೆ ಕಡೆಯ ಹಳ್ಳಿ. ಮನೆಯಲ್ಲಿ ರೇಷ್ಮೆ ಸಾಕಣೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ಕೊಯ್ದು ಬೆರಳು ಹಸಿರಾಗಿದ್ದ ವಯಸ್ಸಿನಲ್ಲಿ, ಹತ್ತನೆಯ ತರಗತಿ ಮುಗಿದ ಮೇಲೆ, ರಾಯದುರ್ಗದಲ್ಲಿದ್ದ ಚಿಕ್ಕಮ್ಮ ನನ್ನನ್ನು ಕರೆಸಿಕೊಂಡು ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಸೇರಿಸಿದಳು. ಹೊಲಿಗೆಗಲ್ಲ, ಕಟಿಂಗ್‌ಗೆ. ಬಟ್ಟೆ ಕತ್ತರಿಸುವ ಮೊದಲು ಕಂದು ಬಣ್ಣದ ದಪ್ಪ ಕಾಗದದಲ್ಲಿ ಪ್ಯಾಂಟಿನ ಕಾಲು, ಜೇಬು, ನಡುಪಟ್ಟಿ — ಎಲ್ಲದರ ಪ್ಯಾಟರ್ನ್ ಕತ್ತರಿಸಬೇಕು. ಅದನ್ನು ಬಟ್ಟೆಯ ಮೇಲಿಟ್ಟು ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಬೇಕು. ಕಾಗದ ಕತ್ತರಿಸುವ ಆ ಕೆಲಸ ನನ್ನದಾಯಿತು. ನನ್ನ ಕತ್ತರಿ ನಡುಗುತ್ತಿರಲಿಲ್ಲ. ಈಗಲೂ ನಡುಗುವುದಿಲ್ಲ.

ಪ್ಯಾಂಟಿನ ಕಾಲುಗಳನ್ನು ಕತ್ತರಿಸಿದ ಮೇಲೆ ಕಾಗದದ ಅಂಚಿನಲ್ಲಿ ಉದ್ದುದ್ದ ಪಟ್ಟಿಗಳು ಉಳಿಯುತ್ತಿದ್ದವು. ನಾಲ್ಕು ಬೆರಳಗಲ, ಮೊಳದುದ್ದ. ಅವು ಯಾವುದಕ್ಕೂ ಬಾರದವು, ಒಲೆಗೆ ಹೋಗುತ್ತಿದ್ದವು. ಅದೇ ಹೊತ್ತಿಗೆ ಬಳ್ಳಾರಿಗೆ ತೊಳೆಯಲು ಹೋಗುತ್ತಿದ್ದ ನಮ್ಮ ಪ್ಯಾಂಟಿನ ಮೂಟೆಗಳು ಬೇರೆ ಯೂನಿಟ್ಟಿನ ಮೂಟೆಗಳ ಜೊತೆ ಬೆರೆತು ವಾರಕ್ಕೊಂದು ಜಗಳ. ಕಟಿಂಗ್ ಮಾಸ್ತರರು, "ಲಾರಿ ಮ್ಯಾಲಿದ್ರೂ ಕಾಣಂಗ ಮೂಟಿ ಮ್ಯಾಲ ಹೆಸರು ಬರೀಬೇಕವ್ವ" ಎಂದರು. ನನ್ನ ಕೈಬರಹ ಕಾಗೆ ಕಾಲು. ಆದರೆ ಕತ್ತರಿ ಇತ್ತಲ್ಲ. ಆ ಪಟ್ಟಿಗಳಲ್ಲಿ ಅಕ್ಷರಗಳನ್ನೇ ಕತ್ತರಿಸಿದೆ. ಜೇಬಿನ ಪ್ಯಾಟರ್ನ್ ಇಟ್ಟು ಗೆರೆ ಎಳೆಯುವ ಹಾಗೆ, ಅಕ್ಷರವನ್ನು ಮೂಟೆಯ ಮೇಲಿಟ್ಟು ಸುತ್ತ ಗೆರೆ ಎಳೆದು ಒಳಗೆ ಮಸಿ ತುಂಬಿದರಾಯಿತು.

ನಮ್ಮ ಅಕ್ಷರಗಳು ದುಂಡಗೆ, ಅಗಲವಾಗಿ, ಚಕ್ಕಳಮಕ್ಕಳ ಹಾಕಿ ಕೂರುವಂಥವು. ನಾಲ್ಕು ಬೆರಳಗಲದ ಪಟ್ಟಿಯಲ್ಲಿ ಕೂರಲು ಜಾಗವೆಲ್ಲಿ? ನಿಲ್ಲಿಸಿದೆ. ಎರಡೂ ಪಕ್ಕ ನೆಟ್ಟಗೆ, ಎತ್ತರಕ್ಕೆ. ಸಣ್ಣಗೆ ಕತ್ತರಿಸಿದರೆ ಕಾಗದ ಹರಿಯುತ್ತದೆ, ಹಾಗಾಗಿ ಮೈ ದಪ್ಪ ಇಟ್ಟೆ. ತುದಿಯಲ್ಲಿ ಬಳುಕು, ಬಾಲ, ಹೂವು ಯಾವುದೂ ಇಲ್ಲ — ಕತ್ತರಿಗೆ ಅದೆಲ್ಲ ಒಗ್ಗುವುದಿಲ್ಲ. ಕಷ್ಟವಾದದ್ದು ಒಂದೇ, ಅಕ್ಷರದ ಹೊಟ್ಟೆಯೊಳಗಿನ ಖಾಲಿ ಜಾಗ. ಇಕ್ಕಟ್ಟಿಗೆ ತಳ್ಳಿದಷ್ಟೂ ಅದು ಮುಚ್ಚಿಕೊಳ್ಳುತ್ತದೆ. ಮುಚ್ಚಿದರೆ ದೂರಕ್ಕೆ ಅಕ್ಷರ ಕಾಣದು, ಬರೀ ಕರೀ ಕಲೆ ಕಾಣುತ್ತದೆ. ಹೊಟ್ಟೆಯೊಳಗೆ ಒಂದು ಬೆಳಕಿನ ಗೆರೆ ಉಳಿಸಲು ಒಂದೊಂದು ಅಕ್ಷರಕ್ಕೆ ಹತ್ತು ಹದಿನೈದು ಪಟ್ಟಿ ಹಾಳುಮಾಡಿದ್ದೇನೆ. ಊಟದ ಬಿಡುವಿನಲ್ಲಿ ಉಳಿದ ಹುಡುಗಿಯರು ಹರಟುತ್ತಿದ್ದರೆ ನಾನು ಬಾಗಿಲ ಬಳಿ ನಿಂತು ಪಟ್ಟಿಯನ್ನು ಬಿಸಿಲಿಗೆ ಹಿಡಿದು ಬೆಳಕು ನೋಡುತ್ತಿದ್ದೆ.

ರಾಯದುರ್ಗ ಆಂಧ್ರದ ಗಡಿಯೂರು, ಆಮೇಲೆ ತೆಲುಗಿನವೂ ಬೇಕಾದವು. ಎರಡೂ ಲಿಪಿಯಲ್ಲಿ ಬಹಳಷ್ಟು ಅಕ್ಷರಗಳ ಮೈ ಒಂದೇ, ತಲೆ ಬೇರೆ. ಮೈ ಒಂದು ಪಟ್ಟಿ, ತಲೆ ಎರಡು ಚೂರು — ಹಾಗೆ ಕತ್ತರಿಸಿಟ್ಟೆ. ಎಲ್ಲವನ್ನೂ ರಿಜೆಕ್ಟ್ ಆದ ಒಂದು ಪ್ಯಾಂಟಿನ ಕಾಲು ಹೊಲಿದು ಮಾಡಿದ ಚೀಲದಲ್ಲಿ ತುಂಬಿದೆ. ನನ್ನದು ಅಂತ ಈ ಪ್ರಪಂಚದಲ್ಲಿ ಮೊದಲು ಇದ್ದದ್ದು ಆ ಚೀಲ. ಅವಕ್ಕೆ ನಿಂತಕ್ಷರ ಎಂದು ಹೆಸರಿಟ್ಟಿದ್ದೆ. ಬಳ್ಳಾರಿ ಬಸ್ಸಿನಲ್ಲಿ ಒತ್ತೊತ್ತಾಗಿ ನಿಂತ ಜನರ ಹಾಗೆ ಕಾಣುತ್ತಿದ್ದವು.

ಯೂನಿಟ್ಟಿನ ಬೋರ್ಡು ಬರೆಯಲು ಬಂದ ರುದ್ರಪ್ಪ ಮೂಟೆಯ ಮೇಲಿನ ಅಕ್ಷರ ನೋಡಿದರು. ಕುಂಚ ಕೆಳಗಿಟ್ಟು, ಹತ್ತಿರ ಹೋಗಿ, ಬೆರಳಿನಿಂದ ಅಳೆದರು. ನಮ್ಮ ಪೇಟೆಯ ಅಂಗಡಿಗಳಿಗೆ ಮುಖವೇ ಇಲ್ಲ. ಒಂದು ಬಾಗಿಲಗಲ, ಅಷ್ಟೇ. ಹೆಸರುಗಳು ಮಾತ್ರ ಮಾರುದ್ದ — ದೇವರ ಹೆಸರು, ತಂದೆಯ ಹೆಸರು, ಸಾಮಾನಿನ ಹೆಸರು. ಅದರ ಮೇಲೆ ಎರಡು ಭಾಷೆ. ಪೇಂಟರಿಗೆ ಯಾವತ್ತೂ ಜಾಗ ಸಾಲದು. ಹಸಿದವನ ಮುಂದೆ ರೊಟ್ಟಿ ಬಿದ್ದಂತಾಗಿರಬೇಕು.

"ಇವನ್ನ ನಾಕ ದಿನ ಕೊಡವ್ವ ಸುಜಾತಾ, ಬೋರ್ಡು ಮುಗಿಸಿ ತಂದು ಕೊಡ್ತೀನಿ" ಎಂದರು.

ಕೊಟ್ಟೆ. ಖುಷಿಯಿಂದ ಕೊಟ್ಟೆ — ಹೆಮ್ಮೆಯಿಂದ. ಅದೇ ನನ್ನ ಪೆದ್ದುತನ. ಯೂನಿಟ್ಟಿನ ಬೋರ್ಡು ಮುಗಿಯಿತು, ಚೀಲ ಬರಲಿಲ್ಲ. ತಿಂಗಳೊಳಗೆ ಒಂದು ಮೆಡಿಕಲ್ ಶಾಪಿನ ಮೇಲೆ ನನ್ನ ಅಕ್ಷರ ಕಂಡಿತು. ಆಮೇಲೆ ಚಪ್ಪಲಿ ಅಂಗಡಿ, ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿ. ಬಸ್‌ಸ್ಟ್ಯಾಂಡಿನಿಂದ ಕೋಟೆ ಬುಡದವರೆಗೂ ನೀಲಿ, ಕೆಂಪು, ಹಳದಿ ಬಣ್ಣದಲ್ಲಿ ನನ್ನ ಅಕ್ಷರಗಳೇ ಸಾಲಾಗಿ ನಿಂತಿದ್ದವು. ಪಕ್ಕದ ಡಿ. ಹಿರೇಹಾಳಿನಿಂದ ಜನ ಬಂದು 'ರುದ್ರಪ್ಪನ ಅಕ್ಷರ'ದಲ್ಲೇ ಬೋರ್ಡು ಬೇಕೆಂದು ಕೇಳುತ್ತಿದ್ದರು. ಪ್ರತಿ ಬೋರ್ಡಿನ ಬಲ ಮೂಲೆಯಲ್ಲಿ ಸಣ್ಣದಾಗಿ ಅವರ ಸಹಿ.

ಹೋಟೆಲೊಂದಕ್ಕೆ ಬೋರ್ಡು ಏರಿಸುತ್ತಿದ್ದ ಒಂದು ಬೆಳಿಗ್ಗೆ ಚಿಕ್ಕಮ್ಮನನ್ನು ಕರೆದುಕೊಂಡು ಹೋಗಿ ಕೇಳಿದೆ. ಅವರು ಏಣಿಯ ಮೇಲಿದ್ದರು. ಕೆಳಗೆ ಹೋಟೆಲಿನ ಮಾಲೀಕ, ಟೀ ಕುಡಿಯುತ್ತಿದ್ದ ಏಳೆಂಟು ಜನ. "ಅಣ್ಣ, ನನ್ನ ಅಕ್ಷರ ವಾಪಸ್ ಕೊಡಿ" ಅಂದೆ. ನಮ್ಮ ಕಡೆಯ ಮಾತೇ ಬಾಯಿಗೆ ಬಂತು. ಅವರು ಏಣಿ ಇಳಿಯಲಿಲ್ಲ. ನನ್ನ ಕಡೆ ಅಲ್ಲ, ಕೆಳಗಿದ್ದ ಗಂಡಸರ ಕಡೆ ನೋಡಿ ಹೇಳಿದರು:

"ಕತ್ತರಿ ಹಿಡಿಯೋ ಕೈಗೆ ಅಕ್ಷರ ಎಲ್ಲಿಂದ ಬರಬೇಕ್ರಿ? ಆಕಿ ಕಾಗದ ಕೊಯ್ದಾಳ. ಅಕ್ಷರ ಬರದಾಂವ ನಾ."

ಎಲ್ಲರೂ ನಕ್ಕರು. ಯಾರು ಯಾರು ನಕ್ಕರು ಎಂದು ಈಗಲೂ ಹೇಳಬಲ್ಲೆ. ಒಬ್ಬನ ಮೂಗಿನಿಂದ ಟೀ ಬಂತು. ಚಿಕ್ಕಮ್ಮ ನನ್ನ ಮೊಣಕೈ ಹಿಡಿದು ಎಳೆದಳು. ಆ ನಗುವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ತಪ್ಪು ಒಪ್ಪಿಕೊಳ್ಳಲು ಕೂತವಳು ಮೆತ್ತಗಾಗಬೇಕು ಎನ್ನುತ್ತಾರೆ. ನಾನು ಆಗಿಲ್ಲ.

ಯೂನಿಟ್ ಬಿಟ್ಟು ಊರಿಗೆ ಹೋದೆ. ಅಮ್ಮ ಸೊಪ್ಪು ಕತ್ತರಿಸುತ್ತಾ ಹೇಳಿದಳು, "ಸುಮ್ಕಿರು ಕಣವ್ವ, ಅಕ್ಷರ ಏನು ನಿಮ್ಮಪ್ಪ ಮಾಡಿಟ್ಟ ಆಸ್ತಿನಾ? ಯಾರಾನ ಬರ್ಕಂಡ್ಲಿ, ನಿಂಗೇನಾಗ್ಬೇಕು." ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನನಗೆ ಬೇಕಿದ್ದದ್ದು ಅಕ್ಷರವಲ್ಲ, ಆ ಏಣಿ. ಅವರು ಏಣಿಯಿಂದ ಇಳಿಯುವುದನ್ನು ನೋಡಬೇಕಿತ್ತು.

ಆಟೋದಲ್ಲಿ ದಿನಾ ಮಡಕಶಿರಾಕ್ಕೆ ಹೋಗಿ ಒಂದು ಡಿಟಿಪಿ ಸೆಂಟರಿನಲ್ಲಿ ಕಂಪ್ಯೂಟರ್ ಕಲಿತೆ. ಅಲ್ಲೇ ಕೆಲಸಕ್ಕೂ ನಿಂತೆ. ಲಗ್ನಪತ್ರಿಕೆ, ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ. ಬಿಡುವಿದ್ದಾಗ ಹೊಸದಾಗಿ ಪಟ್ಟಿ ಕತ್ತರಿಸಿ, ಸ್ಕ್ಯಾನ್ ಮಾಡಿ, ಒಂದೊಂದೇ ಅಕ್ಷರವನ್ನು ಫಾಂಟ್ ಮಾಡಿದೆ — ಕನ್ನಡದ್ದು, ತೆಲುಗಿನದ್ದು, ಎರಡೂ. ಎರಡು ವರ್ಷ ಹಿಡಿಯಿತು. ಏನು ಮಾಡಬೇಕೆಂದು ಆಗ ತಿಳಿದಿರಲಿಲ್ಲ. ಕತ್ತಿ ಮಸೆಯುತ್ತಿದ್ದೆ, ಎಲ್ಲಿ ಇಳಿಸಬೇಕೆಂದು ಗೊತ್ತಿರಲಿಲ್ಲ.

ಅದನ್ನು ತೋರಿಸಿಕೊಟ್ಟದ್ದು ಒಬ್ಬ ಅಪರಿಚಿತರು. ತಾಯಿ ತೀರಿಕೊಂಡಿದ್ದರು, ಬಸ್ಸಿನಲ್ಲಿ ಹೋಗುವವರಿಗೂ ಕಾಣುವಂಥ ದೊಡ್ಡ ಬ್ಯಾನರ್ ಬೇಕೆಂದು ಬಂದರು. ಫೋಟೋ ದೊಡ್ಡದು, ಪಕ್ಕದಲ್ಲಿ ಉಳಿದ ಜಾಗ ಕಿರಿದು, ಹೆಸರು ಉದ್ದ. ನಿಂತಕ್ಷರ ಹಾಕಿದೆ. ಕಪ್ಪು ಹಿನ್ನೆಲೆಯಲ್ಲಿ ಬಿಳೀ ಅಕ್ಷರಗಳು ಭುಜಕ್ಕೆ ಭುಜ ಕೊಟ್ಟು, ಹೆಣದ ಮುಂದೆ ನಿಂತ ಬಂಧುಗಳ ಹಾಗೆ ನಿಂತವು. ಪರದೆ ನೋಡಿದ್ದೇ ಆ ಮನುಷ್ಯ ಅತ್ತುಬಿಟ್ಟರು. ಅವರಿಗೆ ನೀರು ಕೊಡುತ್ತಾ ನಾನು ಯೋಚಿಸುತ್ತಿದ್ದದ್ದು ರಾಯದುರ್ಗದ ಬೋರ್ಡುಗಳನ್ನು. ಒಂದೇ ಅಕ್ಷರ ಅಂಗಡಿಯ ಮೇಲೂ, ಸಾವಿನ ಮೇಲೂ ಇದ್ದರೆ — ಯಾವುದು ಗೆಲ್ಲುತ್ತದೆ?

ಆ ಸಂಜೆ ಗುಡಿಬಂಡೆಯ ಆಟೋದಲ್ಲಿ ಕೂತು ನಾನು ನಗುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು, "ಏನವ್ವ, ಗಂಡು ಗೊತ್ತಾಯ್ತಾ?" ಎಂದು ಕೇಳಿದಳು. ಹೂಂ ಅಂದೆ.

ರಾಯದುರ್ಗಕ್ಕೆ ವಾಪಸ್ ಬಂದು ಫ್ಲೆಕ್ಸ್ ಅಂಗಡಿ ಇಟ್ಟೆ. ಮದುವೆಗೆ, ನಾಮಕರಣಕ್ಕೆ, ಹುಟ್ಟುಹಬ್ಬಕ್ಕೆ, ರಾಜಕೀಯದವರ ಸ್ವಾಗತಕ್ಕೆ ಬಳುಕುವ ದುಂಡು ಅಕ್ಷರಗಳು. ಸಾವಿಗೆ ಮಾತ್ರ ನಿಂತಕ್ಷರ. ಸಾವಿನದ್ದಕ್ಕೆ ಕಾಸಿಲ್ಲ ಎಂದು ಸಾರಿದೆ. ಕಾಸಿಲ್ಲದಿದ್ದರೆ ಇಂಥ ಅಕ್ಷರ ಬೇಕು, ಅಂಥದ್ದು ಬೇಕು ಎಂದು ಯಾರೂ ಕೇಳುವುದಿಲ್ಲ ನೋಡಿ. 'ಕಣ್ಣೀರಿನ ಶ್ರದ್ಧಾಂಜಲಿ', 'ಲಿಂಗೈಕ್ಯರಾದರು', ತೆಲುಗಿನವರ 'ಅಶ್ರು ನಿವಾಳಿ' — ಕನ್ನಡ ಮೇಲೆ, ತೆಲುಗು ಕೆಳಗೆ. ಎಲ್ಲಿ ಕಟ್ಟಿದರೆ ಚೆನ್ನಾಗಿ ಕಾಣುತ್ತದೆ ಎಂದೂ ನಾನೇ ಹೇಳುತ್ತಿದ್ದೆ. ನಾನು ತೋರಿಸುತ್ತಿದ್ದ ಕಂಬಗಳೆಲ್ಲ ರುದ್ರಪ್ಪನ ಬೋರ್ಡುಗಳ ಎದುರಿನವು. ನನ್ನ ಅಂಗಡಿಯ ಬೋರ್ಡಿಗೆ ಮಾತ್ರ ಹೂಬಳ್ಳಿ ಸುತ್ತಿದ ಅಕ್ಷರ ಹಾಕಿಕೊಂಡಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತಲ್ಲ. ನಾನು ಕಣ್ಣು ಬಿಟ್ಟುಕೊಂಡೇ ಕುಡಿದೆ.

ಒಂದು ವರ್ಷ ಏನೂ ಆಗಲಿಲ್ಲ. ಎರಡನೆಯ ವರ್ಷ ಪೇಟೆಯ ಹಳೆಯ ಬಟ್ಟೆ ವ್ಯಾಪಾರಿ ಮಲ್ಲಪ್ಪನವರು ತೀರಿಕೊಂಡರು. ಅಂಗಡಿಗೆ ಅವರದೇ ಹೆಸರು. ಎದುರಿನ ಕಂಬಕ್ಕೆ ನನ್ನ ಫ್ಲೆಕ್ಸ್ ಕಟ್ಟಿದರು. ಈಚೆ ಬೋರ್ಡಿನಲ್ಲಿ ಮಲ್ಲಪ್ಪ, ಆಚೆ ಫ್ಲೆಕ್ಸಿನಲ್ಲಿ ಮಲ್ಲಪ್ಪ. ಅದೇ ಅಕ್ಷರ, ಅದೇ ಎತ್ತರ, ಅದೇ ದಪ್ಪ. ಮೂರು ದಿನ ಅಂಗಡಿ ಮುಚ್ಚಿತ್ತು. ನಾಲ್ಕನೆಯ ದಿನ ಬಾಗಿಲು ತೆಗೆದ ಮಗ ತಲೆ ಎತ್ತಿ ಬೋರ್ಡು ನೋಡಿದವನು ಅಲ್ಲೇ ಮೆಟ್ಟಿಲ ಮೇಲೆ ಕೂತನಂತೆ. ಮಧ್ಯಾಹ್ನದೊಳಗೆ ಬೋರ್ಡು ಇಳಿಯಿತು. ನಾನು ನನ್ನ ಬಾಗಿಲಲ್ಲಿ ನಿಂತು ನೋಡಿದೆ. ಬಾಯಲ್ಲಿ ಬೆಲ್ಲ ಕರಗಿದ ಹಾಗಾಯಿತು.

ಆಮೇಲೆ ಹೇಳಬೇಕಾದ್ದೇ ಇಲ್ಲ. ಊರ ಕಣ್ಣು ಒಮ್ಮೆ ಕಂಡದ್ದನ್ನು ಮತ್ತೆ ಕಾಣದೆ ಇರುವುದಿಲ್ಲ. ಅಂದು ನಕ್ಕಿದ್ದ ಹೋಟೆಲಿನ ಮಾಲೀಕನೇ ನನ್ನಲ್ಲಿಗೆ ಬಂದ. "ಇಡ್ಲಿ ತಿನ್ನಾಕ ಕುಂತ್ರ ತಲಿ ಮ್ಯಾಲ ತಿಥಿ ಬರದಂಗ ಕಾಣ್ತೈತ್ರಿ. ಬ್ಯಾರೆ ಅಕ್ಷರದಾಗ ಬೋರ್ಡು ಮಾಡಿ ಕೊಡ್ರಿ" ಎಂದ. ಮಾಡಿಕೊಟ್ಟೆ. ನಾನು ಸಂಜೆ ಮನೆಗೆ ಹೋಗುವಾಗ ಇಳಿದ ಬೋರ್ಡುಗಳನ್ನು ಎಣಿಸುತ್ತಿದ್ದೆ. ಮೆಡಿಕಲ್ ಶಾಪ್ ಹೋಯಿತು, ಗೊಬ್ಬರದ ಅಂಗಡಿ ಹೋಯಿತು. ಹೆರಿಗೆ ಆಸ್ಪತ್ರೆಯದ್ದು ಎಲ್ಲಕ್ಕಿಂತ ಬೇಗ ಹೋಯಿತು. ಪ್ರತಿ ಖಾಲಿ ಜಾಗವೂ ನನಗೆ ಹಬ್ಬ. ಇಳಿಯುತ್ತಿರುವುದು ನನ್ನದೇ ಅಕ್ಷರ, ಬಿಸಿಲಿಗೆ ಹಿಡಿದು ಬೆಳಕು ನೋಡಿ ನೋಡಿ ಮಾಡಿದ್ದು ಎಂಬ ನೆನಪೇ ಬರುತ್ತಿರಲಿಲ್ಲ. ಸೇಡಿಗೆ ಅಷ್ಟು ಹಸಿವಿರುತ್ತದೆ.

ಒಂದು ಮಧ್ಯಾಹ್ನ ರುದ್ರಪ್ಪ ನನ್ನ ಅಂಗಡಿಗೆ ಬಂದರು. ಕೂದಲು ಪೂರ್ತಿ ನೆರೆತಿತ್ತು. ಕಂಕುಳಲ್ಲಿ ಆ ಜೀನ್ಸಿನ ಚೀಲ. ಕೂರಿ ಎಂದರೂ ಕೂರಲಿಲ್ಲ. ಚೀಲವನ್ನು ಎರಡೂ ಕೈಯಿಂದ ಮೇಜಿನ ಮೇಲಿಟ್ಟರು.

"ಇವು ನಿನ್ನವು, ತಂಗಿ. ತಂದು ಕೊಡಾಕ ಭಾಳ ದಿನ ಆತು. ಕದ್ದ ಅಕ್ಷರ ನೋಡವ್ವ, ಅದಕ್ಕ ಹಿಂಗಾತು. ನಾ ಬರದ ಬಾಗಿಲ ಮ್ಯಾಲೆಲ್ಲ ಸಾವು ಬಂದು ಕುಂತೈತಿ. ನೀನೇನೋ ಪುಣ್ಯದ ಕೆಲಸಕ್ಕ ಹೊಂಟಿ. ನಿನ್ನ ಪುಣ್ಯ ನನ್ನ ಪಾಪಾನ ಹುಡುಕ್ಕೊಂಡು ಬಂತು."

ಅವರು ನನ್ನ ಮುಖ ನೋಡಿ ಕೇಳಿದರು — ಕೇಳಿದರು, ನಿಜವಾಗಿ ತಿಳಿಯಬೇಕೆಂದು:

"ಇದು ದೇವರು ಮಾಡಿದ್ದ ಅಲ್ಲೇನವ್ವ?"

ಆ ಕ್ಷಣ ನನ್ನ ಕೈಯಲ್ಲಿತ್ತು. ಅಲ್ಲಣ್ಣ, ನಾನು ಮಾಡಿದ್ದು ಎನ್ನಬಹುದಿತ್ತು. ಎಂದಿದ್ದರೆ ಜಗಳವಾಡಿಕೊಂಡು, ಬೈದುಕೊಂಡು, ಲೆಕ್ಕ ಚುಕ್ತಾ ಮಾಡಿಕೊಂಡು ಇಬ್ಬರೂ ನಮ್ಮ ನಮ್ಮ ದಾರಿ ಹಿಡಿಯುತ್ತಿದ್ದೆವೇನೋ. ಆದರೆ ನನ್ನೊಳಗೆ ಆ ಏಣಿ ಇನ್ನೂ ನಿಂತೇ ಇತ್ತು. ನಗಿಸಿದ್ದು ಬೀದಿಯಲ್ಲಿ, ತಪ್ಪಾಯಿತು ಅನ್ನುವುದು ಬಾಗಿಲೊಳಗೆ ಮೆಲ್ಲಗೆ — ಇದು ಯಾವ ನ್ಯಾಯ ಎನ್ನಿಸಿತು. ಅವರದೇ ಊರಿನ ಮಾತಿನಲ್ಲಿ, ಮೆತ್ತಗೆ ಹೇಳಿದೆ:

"ದೇವರು ಎಲ್ಲಾ ನೋಡ್ತಾನ್ರಿ, ರುದ್ರಪ್ಪಣ್ಣ. ಉಪ್ಪು ತಿಂದವರು ನೀರು ಕುಡೀಲೇಬೇಕು."

ಅವರು ತಲೆ ಆಡಿಸಿದರು. ಎರಡು ಸಲ. ಕೈ ಮುಗಿದು ಹೋದರು.

ಅವರು ಅಂದೇ ಕುಂಚ ಬಿಟ್ಟರು. ನಿಂತಕ್ಷರ ಮಾತ್ರವಲ್ಲ, ಎಲ್ಲ ಬರವಣಿಗೆಯನ್ನೂ. ಫ್ಲೆಕ್ಸ್ ಬಂದ ಮೇಲೆ ಪೇಂಟರುಗಳೆಲ್ಲ ಕೆಟ್ಟರು, ಇವರೂ ಕೆಟ್ಟರು ಎಂದು ನೀವು ನನ್ನ ಪರವಾಗಿ ಹೇಳಬಹುದು. ಹೇಳಬೇಡಿ. ಉಳಿದವರು ಶಾಲೆಯ ಗೋಡೆಗೆ, ಲಾರಿಯ ಹಿಂಭಾಗಕ್ಕೆ, ಗುಡಿಯ ಕಮಾನಿಗೆ ಬರೆದು ಬದುಕಿಕೊಂಡರು. ರುದ್ರಪ್ಪನನ್ನೂ ಕರೆದರು. ಗುಡಿಯವರು ಮನೆಗೇ ಹೋಗಿ ಕರೆದರಂತೆ. "ನನ್ನ ಕೈ ಬರದದ್ದು ಯಾರಿಗೂ ಒಳ್ಳೇದಾಗಂಗಿಲ್ರಿ" ಎಂದರಂತೆ. ಜೀನ್ಸ್ ಯೂನಿಟ್ಟಿನಲ್ಲಿ ಹೊಲಿದ ಪ್ಯಾಂಟುಗಳ ಉಳಿದ ದಾರ ಕತ್ತರಿಸುವ ಕೆಲಸಕ್ಕೆ ಸೇರಿದರು. ಹೆಂಗಸರ ಸಾಲಿನಲ್ಲಿ, ನೆಲದ ಮೇಲೆ, ಕೈಯಲ್ಲಿ ಪುಟ್ಟ ಕತ್ತರಿ ಹಿಡಿದು.

ಕತ್ತರಿ ಹಿಡಿಯೋ ಕೈ. ಆ ಸುದ್ದಿ ಕೇಳಿದ ದಿನ ನಾನು ಪಾಯಸ ಮಾಡಿದ್ದೆ ಎಂಬುದನ್ನೂ ಬರೆದುಬಿಡುತ್ತೇನೆ. ಬೇಕಂತಲೇ ಯೂನಿಟ್ಟಿನ ಮುಂದೆ ನಡೆದುಹೋಗಿ ಬಾಗಿಲಲ್ಲಿ ಇಣುಕಿದ್ದೆ. ಅವರು ತಲೆ ಎತ್ತಿ, "ಆರಾಮಾಗಿದ್ದಿಯೇನವ್ವ?" ಎಂದರು. ಹೌದ್ರಿ ಎಂದೆ. ಆ 'ಅವ್ವ' ಅನ್ನುವ ಪದದಲ್ಲಿ ಏನಾದರೂ ವಿಷ ಇದೆಯೇ ಎಂದು ದಾರಿಯುದ್ದಕ್ಕೂ ಹುಡುಕಿದೆ. ಇರಲಿಲ್ಲ. ಅದು ನನಗೆ ಸಿಟ್ಟು ತರಿಸಿತು.

ಏಳು ವರ್ಷ ಹಾಗೇ ಹೋಯಿತು. ಹೋದ ಬೇಸಿಗೆಯಲ್ಲಿ ರುದ್ರಪ್ಪ ತೀರಿಕೊಂಡರು. ಮಾರನೆಯ ಬೆಳಿಗ್ಗೆ ಅವರ ಹೆಂಡತಿ ಪಾರ್ವತಮ್ಮ ಒಂದು ಹಳೆಯ ಫೋಟೋ ಹಿಡಿದು ನನ್ನ ಅಂಗಡಿಗೆ ಬಂದರು. ಫೋಟೋದಲ್ಲಿ ರುದ್ರಪ್ಪ ಏಣಿಯ ಮೇಲಿದ್ದರು. ಕೈಯಲ್ಲಿ ಕುಂಚ, ಮುಖದ ತುಂಬ ನಗು.

"ಎಲ್ಲಾರಿಗೂ ಮಾಡಿ ಕೊಡ್ತಿ, ನಿನ್ನ ಹೊಟ್ಟಿ ತಣ್ಣಗಿರಲಿ" ಎಂದರು ಪಾರ್ವತಮ್ಮ. "ಆ ಅಕ್ಷರದಾಗ ಮಾತ್ರ ಬ್ಯಾಡವ್ವ. ಅವರು ಹೇಳಿ ಹೋಗ್ಯಾರ. ಅದು ನಿನ್ನದಂತ. ಕದ್ದದ್ದನ್ನ ಹೊತ್ಕೊಂಡು ಮ್ಯಾಲೆ ಹೋಗಂಗಿಲ್ಲ ಅಂದ್ರು."

ನಾನು ಪರದೆಯ ಕಡೆ ತಿರುಗಿದೆ. ರುದ್ರಪ್ಪ ಎಂದು ಬೇರೆ ಅಕ್ಷರದಲ್ಲಿ ಬರೆದೆ. ದುಂಡಗೆ, ಅಗಲವಾಗಿ ಬಂತು. ಹೆಸರು ಎರಡು ಸಾಲಾಯಿತು. ಜಾಗ ಸಾಲಲಿಲ್ಲ. ಫೋಟೋವನ್ನು ಸಣ್ಣದು ಮಾಡಬೇಕಾಯಿತು. ಏಣಿಯನ್ನು ಕತ್ತರಿಸಿದೆ. ಅವರ ಮುಖ ಮಾತ್ರ ಉಳಿಯಿತು, ಆ ನಗು ಮಾತ್ರ. ಇಷ್ಟು ವರ್ಷ ನಾನು ಇಳಿಸಬೇಕೆಂದಿದ್ದ ಏಣಿ ಅಷ್ಟು ಸುಲಭವಾಗಿ, ಒಂದು ಗುಂಡಿ ಒತ್ತಿದ್ದಕ್ಕೆ ಹೋಯಿತು.

ಪಾರ್ವತಮ್ಮನನ್ನು ಕಳಿಸಿದ ಮೇಲೆ ಅಟ್ಟದ ಮೇಲಿದ್ದ ಚೀಲ ಇಳಿಸಿದೆ. ರುದ್ರಪ್ಪ ಕೊಟ್ಟಾಗಿನಿಂದ ಬಿಚ್ಚಿರಲಿಲ್ಲ. ಕಾಗದದ ಪಟ್ಟಿಗಳು ಬಣ್ಣ ಕುಡಿದು ಹಲಗೆಯ ಹಾಗೆ ಗಟ್ಟಿಯಾಗಿದ್ದವು. ಸುತ್ತ ಕುಂಚದಿಂದಲೇ ಗೆರೆ ಎಳೆದದ್ದಕ್ಕೆ ಅಂಚಿನಲ್ಲಿ ಪದರ ಪದರವಾಗಿ ಬಣ್ಣ. ಮೆಡಿಕಲ್ ಶಾಪಿನ ಹಸಿರು, ಹೋಟೆಲಿನ ಕೆಂಪು, ಮಲ್ಲಪ್ಪನವರ ಅಂಗಡಿಯ ನೀಲಿ. ಎಲ್ಲಿ ಹರಿದಿತ್ತೋ ಅಲ್ಲಿ ಹಿಂದಿನಿಂದ ಬಟ್ಟೆಯ ಚೂರು ಅಂಟಿಸಿ ಸರಿಮಾಡಿದ್ದರು. ಒಂದೂ ಕಳೆದಿರಲಿಲ್ಲ. ಹೊಟ್ಟೆಯೊಳಗಿನ ಬೆಳಕು ಬಣ್ಣ ತುಂಬಿ ಮುಚ್ಚದಂತೆ ಪ್ರತಿಯೊಂದನ್ನೂ ಬ್ಲೇಡಿನಿಂದ ಕೆರೆದು ಇಟ್ಟಿದ್ದರು. ಅಕ್ಷರವನ್ನು ಹೀಗೆ ನೋಡಿಕೊಂಡವರು ಅವರು. ಅದನ್ನು ಹೆತ್ತ ನಾನು ಸುಡುಗಾಡಿಗೆ ಕಳಿಸಿದೆ.

ಸಾವಿನ ಮನೆಯ ಶಿವಗಣಾರಾಧನೆ ಮುಗಿದ ಮೇಲೆ ಪಾರ್ವತಮ್ಮನ ಮನೆಗೆ ಹೋದೆ. ಅವರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ — ಚೀಲ, ಏಣಿ, ಮಡಕಶಿರಾ, ಪುಕ್ಕಟೆ ಫ್ಲೆಕ್ಸು, ಕಂಬಗಳು. ಕೊನೆಗೆ, ದೇವರು ನೋಡ್ತಾನೆ ಎಂದದ್ದು. ಅವರು ಕಲ್ಲು ಹೆಕ್ಕುವುದನ್ನು ನಿಲ್ಲಿಸಲಿಲ್ಲ. ನನ್ನ ಮಾತು ಮುಗಿದ ಮೇಲೆ ಗೋಡೆಯ ಕಡೆ ಕೈ ತೋರಿಸಿದರು. ಮಂಚದ ಪಕ್ಕದ ಗೋಡೆ ಒಂದು ಕಡೆ ಸವೆದು ನುಣುಪಾಗಿತ್ತು.

"ಹಾಸಿಗಿ ಹಿಡದ ಮ್ಯಾಲ ಬೆರಳಲೇ ಅಲ್ಲಿ ಬರೀತಿದ್ರು. ದಿನಾಲು. ಕುಂಚ ಕೊಡ್ಲೇನ್ರಿ ಅಂದ್ರ, ಬ್ಯಾಡ, ಯಾರಿಗರ ಕೆಡಕಾದೀತು ಅಂತಿದ್ರು." ಮೊರವನ್ನು ಒಮ್ಮೆ ಕೊಡವಿದರು. "ಇದನ್ನ ಒಂದ ದಿನ ಮೊದಲ ಹೇಳಿದ್ದರ ಸಾಕಿತ್ತವ್ವ. ಆ ಒಂದ ದಿನ ಅವರು ಕುಂಚ ಹಿಡೀತಿದ್ರು."

ಬೈಯಲಿಲ್ಲ. ಚಾ ಕುಡಿದು ಹೋಗು ಎಂದೂ ಹೇಳಲಿಲ್ಲ. ನಮ್ಮ ಊರಿನಲ್ಲಿ ಮನೆಗೆ ಬಂದವರಿಗೆ ಆ ಮಾತು ಹೇಳದೆ ಯಾರೂ ಕಳಿಸುವುದಿಲ್ಲ. ನಾನು ಎದ್ದು ಬಂದೆ.

ಅವರು ನನ್ನ ಅಕ್ಷರ ಕದ್ದದ್ದು ನಿಜ. ನನ್ನನ್ನು ನೋಡಿ ಊರು ನಗುವಂತೆ ಮಾಡಿದ್ದೂ ನಿಜ. ಅದಕ್ಕೆ ಅವರು ಚೀಲ ಹೊತ್ತು ತಂದು, ನಿಂತುಕೊಂಡೇ, ನನ್ನೆದುರು ಒಪ್ಪಿಕೊಂಡರು. ನನ್ನದನ್ನು ಒಪ್ಪಿಕೊಳ್ಳಲು ನನಗೆ ಅವರ ಸಾವು ಬೇಕಾಯಿತು. ನಾನು ಅವರ ಕಸುಬನ್ನು ಕಿತ್ತುಕೊಂಡದ್ದಷ್ಟೇ ಆಗಿದ್ದರೆ, ಸೇಡಿಗೆ ಸೇಡು ಎಂದು ಎದೆ ಮೇಲೆ ಕೈಯಿಟ್ಟು ಹೇಳುತ್ತಿದ್ದೆನೋ ಏನೋ. ಆದರೆ ಒಬ್ಬ ಮನುಷ್ಯ ತನ್ನ ಕೈಗೇ ಹೆದರುವಂತೆ —

ಈಗ ಸಾವಿನ ಫ್ಲೆಕ್ಸಿಗೆ ಆ ಅಕ್ಷರ ಹಾಕುವುದನ್ನು ಬಿಟ್ಟಿದ್ದೇನೆ. ನನ್ನ ಅಂಗಡಿಯ ಹೂಬಳ್ಳಿಯ ಬೋರ್ಡು ಇಳಿಸಿ, ಆ ಜಾಗಕ್ಕೆ ತಗಡಿನ ಹಲಗೆ ಹಾಕಿದ್ದೇನೆ. ಅದರ ಮೇಲೆ ರುದ್ರಪ್ಪ ಕಾಪಾಡಿಟ್ಟ ಅದೇ ಪಟ್ಟಿಗಳನ್ನಿಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಏಣಿ ಹತ್ತಿ ನಾನೇ ಕುಂಚ ಹಿಡಿದು ಅಂಗಡಿಯ ಹೆಸರು ಬರೆದೆ. ಕುಂಚದ ಕೆಲಸ ಎಷ್ಟು ಕಷ್ಟದ್ದು ಎಂದು ಆ ಏಣಿಯ ಮೇಲೆ ನಿಂತಾಗ ತಿಳಿಯಿತು. ಕತ್ತರಿಗೆ ನಡುಗದ ಕೈ ಅಲ್ಲಿ ನಡುಗಿತು.

ಗಿರಾಕಿಗಳು ಕಡಿಮೆಯಾಗಿದ್ದಾರೆ. ಮದುವೆಯವರಂತೂ ಬೋರ್ಡು ನೋಡಿ ಮುಂದಿನ ಅಂಗಡಿಗೆ ಹೋಗುತ್ತಾರೆ. ಕೆಲವರು ಒಳಗೆ ಬಂದು, "ಯಾಕ್ರಿ ಈ ಅಕ್ಷರ ಹಾಕೀರಿ, ಅಪಶಕುನ ಅಲ್ಲೇನ್ರಿ" ಎಂದು ಕೇಳುತ್ತಾರೆ. ಕೂರಿ ಎನ್ನುತ್ತೇನೆ. ಕೂತವರಿಗೆ ಮೊದಲಿನಿಂದ ಹೇಳುತ್ತೇನೆ. ಕೇಳದೆ ಮುಂದೆ ಹೋದವರಿಗಾಗಿ ಇದನ್ನು ಬರೆದಿದ್ದೇನೆ.